ಜಿಗಿಯುವ ಜೀನ್‌ಗಳು ಎಲ್ಲಿ ಬೀಡು ಬಿಡುತ್ತವೆ?

ಪ್ರಶ್ನೆ: ಸರ್, ನಾನು ಹಾವೇರಿಯಲ್ಲಿ ಬಿಎಸ್ಸಿ ಓದುತ್ತಿದ್ದೇನೆ. ಹಣ್ಣಿನ ನೊಣದ ಡಿಎನ್‌ಎಯಲ್ಲಿ ಒಂದೇ ತುಣುಕು ಹತ್ತಾರು ಕಡೆ ಇರುತ್ತದೆ, ಜಾಗವನ್ನೂ ಬದಲಿಸುತ್ತದೆ ಎಂದು ಪಾಠದಲ್ಲಿ ಹೇಳಿದರು. ಅವು ಎಲ್ಲಿ ಬೇಕಾದರೂ ಕೂರುತ್ತವೆಯೇ? ನಮ್ಮ ಮಾವಿಗೆ ಬೀಳುವ ನೊಣವೂ ಇದೇನಾ?

ಉತ್ತರ: ಮಾವಿನದು ಮೊದಲು ಮುಗಿಸೋಣ. ಅದಲ್ಲ. ಆಪೂಸಿನೊಳಗೆ ಹುಳ ಮಾಡುವುದು ಬ್ಯಾಕ್ಟ್ರೊಸೆರಾ ಎಂಬ ದೊಡ್ಡ ನೊಣ. ನಿಮ್ಮ ಪಾಠದ್ದು ಡ್ರೊಸೊಫಿಲಾ. ಕಳಿತ ಬಾಳೆಹಣ್ಣಿಗೆ ಮುತ್ತುವ, ಎಳ್ಳುಕಾಳಿನಷ್ಟರದ್ದು.

ಇನ್ನು ಜಿಗಿಯುವ ತುಣುಕು. ಅದು ಬಹಳ ಕಡೆ ಹೋಗಿ ಕೂರಬಲ್ಲದು, ಆದರೆ ಕೂತಲ್ಲೆಲ್ಲ ಉಳಿಯುವುದಿಲ್ಲ. ಧಾರವಾಡದ ಕಸೂತಿ ಸೀರೆ ನೆನಪಿಸಿಕೊಳ್ಳಿ. ಸೆರಗಿನಲ್ಲಿ ಗೋಪುರ, ತೇರು, ಆನೆ ಒತ್ತೊತ್ತಾಗಿ. ಒಡಲಿಗೆ ಬಂದರೆ ಅಲ್ಲೊಂದು ಇಲ್ಲೊಂದು. ನೊಣದ ವರ್ಣತಂತುವೂ (ಕೋಶದಲ್ಲಿ ಡಿಎನ್‌ಎ ಸುತ್ತಿಟ್ಟ ಎಳೆ) ಹೆಚ್ಚುಕಡಿಮೆ ಹಾಗೇ. ಜೀನ್ ತುಂಬಿದ ತೋಳುಗಳಲ್ಲಿ ಇವುಗಳ ಪಾಲು ಸುಮಾರು ಶೇ 5 ಮಾತ್ರ. ತೋಳುಗಳು ಕೂಡುವ ಜಾಗವಾದ ಸೆಂಟ್ರೊಮಿಯರ್ ಸುತ್ತ ಬಿಗಿಯಾಗಿ ಸುತ್ತಿಕೊಂಡ ಭಾಗದಲ್ಲಿ, ವೈ ವರ್ಣತಂತುವಿನಲ್ಲಿ ಇವುಗಳದೇ ಕಾರುಬಾರು. ಅಲ್ಲಿ ಹಳೆಯ ತುಣುಕಿನ ಹೊಟ್ಟೆಯಲ್ಲಿ ಹೊಸದು, ಅದರ ಹೊಟ್ಟೆಯಲ್ಲಿ ಮತ್ತೊಂದು ಸಿಗುತ್ತದೆ.

ಯಾಕೆ ಹೀಗೆ? ಜೀನಿನ ನಡುವೆ ಬಿದ್ದ ತುಣುಕು ಸಾಮಾನ್ಯವಾಗಿ ಕೆಲಸ ಕೆಡಿಸುತ್ತದೆ. ಅಂಥ ನೊಣದ ಸಂತತಿ ಕ್ರಮೇಣ ಅಳಿಯುತ್ತದೆ. 1910ರಲ್ಲಿ ತಳಿವಿಜ್ಞಾನಿ ಮಾರ್ಗನ್ ಕಂಡ ಬಿಳಿಗಣ್ಣಿನ ನೊಣ ನಿಮ್ಮ ಪುಸ್ತಕದಲ್ಲೇ ಇದೆಯಲ್ಲ, ಅದೂ ಇಂಥ ಕಿತಾಪತಿಯೇ: ‘ಡಾಕ್’ ಎಂಬ ತುಣುಕು ಕಣ್ಣಿನ ಬಣ್ಣದ ಜೀನಿಗೆ ಹೊಕ್ಕಿತ್ತು. ಪರೀಕ್ಷೆಗೆಂದು ಬಾಯಿಪಾಠ ಮಾಡುವವರಿಗೆ ಇದನ್ನು ಯಾರೂ ಹೇಳುವುದಿಲ್ಲ! ಇನ್ನೊಂದು ಕಾರಣವೂ ಉಂಟು. ಬೇರೆ ಬೇರೆ ಜಾಗದಲ್ಲಿರುವ ಒಂದೇ ತೆರನ ಎರಡು ತುಣುಕುಗಳು ತಪ್ಪಿ ಜೋಡಿಯಾಗಿ ಕ್ರಾಸಿಂಗ್ ಓವರ್ (ವರ್ಣತಂತುಗಳ ನಡುವೆ ತುಂಡುಗಳ ಅದಲುಬದಲು) ಆದರೆ ವರ್ಣತಂತುವೇ ಹಾಳಾಗುತ್ತದೆ. ಬಿಗಿ ಭಾಗದಲ್ಲಿ ಕ್ರಾಸಿಂಗ್ ಓವರ್ ತೀರಾ ಅಪರೂಪ, ಹಾಗಾಗಿ ಅಲ್ಲಿ ಬಿದ್ದವು ಬಚಾವು.

ಎಲ್ಲವೂ ಉಪದ್ರವಿಗಳೆಂದುಕೊಳ್ಳಬೇಡಿ. ನಮ್ಮಲ್ಲಿ ವರ್ಣತಂತುವಿನ ತುದಿ ಸವೆಯದಂತೆ ಕಾಯುವ ಟಿಲೊಮರೇಸ್ ಎಂಬ ಕಿಣ್ವ ಈ ನೊಣಕ್ಕಿಲ್ಲ. ಹೆಟ್-ಎ, ಟಾರ್ಟ್ ಮುಂತಾದ ತುಣುಕುಗಳು ತುದಿಗೇ ಹೋಗಿ ಕೂತು, ಸವೆದದ್ದನ್ನು ತುಂಬಿಕೊಡುತ್ತವೆ.

ನಿಮ್ಮ ಲ್ಯಾಬಿನಲ್ಲಿ ಮರಿಹುಳದ ಲಾಲಾಗ್ರಂಥಿಯ ಸ್ಲೈಡ್ ಮಾಡಿಸುತ್ತಾರಲ್ಲ, ಮುಂದಿನ ಸಲ ವರ್ಣತಂತುಗಳ ಪಟ್ಟೆಪಟ್ಟೆ ತೋಳುಗಳನ್ನು ಬಿಟ್ಟು ಅವೆಲ್ಲ ಕೂಡುವ ಗಂಟನ್ನು ನೋಡಿ. ಪಟ್ಟೆಗಳು ಅಲ್ಲಿ ಕದಡಿ ಮುದ್ದೆಯಾಗಿರುತ್ತವೆ. ಅದು ಕ್ರೊಮೋಸೆಂಟರ್, ನೀವು ಕೇಳಿದ ಗುಂಪಿನ ಬೀಡು ಅಲ್ಲೇ.