ಔಷಧಿ ಅಂಗಡಿಯ ಆ ಬಿಳಿ ಕಾಳು ಅವರೆಯೇ, ಆದರೆ ಕೊತಕೊತ ಕುದಿಯಬೇಕು

ಚೀನಾದ ಗುವಾಂಗ್‌ಝೌ ಊರಿನ ಗಿಡಮೂಲಿಕೆ ಅಂಗಡಿಯಲ್ಲಿ ಸಿಗುವ ‘ಬೈ ಬ್ಯೆನ್ ದೌ’ ಕಾಳನ್ನು ಅವರೆಕಾಳಿನ ಬದಲು ಸಾರಿಗೆ ಹಾಕಬಹುದಾ, ಔಷಧಿ ಆದ್ದರಿಂದ ಭಯ ಅಂತ ಕೇಳಿದ್ದೀರಿ. ‘ಬದಲು’ ಅನ್ನೋ ಮಾತೇ ಬೇಡ. ಅದು ಅವರೆಯೇ. ಬಿಳಿ ಹೂ ಬಿಡುವ ತಳಿಯ ಬಲಿತು ಒಣಗಿದ ಬೀಜ, ಅಷ್ಟೇ.

2016ರ ಸಂಕ್ರಾಂತಿ ಹೊತ್ತಿಗೆ ನಾನೂ ಅದೇ ಊರಿನಲ್ಲಿದ್ದೆ. ನಮ್ಮದು ಮಾಗಡಿ ಕಡೆ. ಮನೆಯವರು ಅವರೆಕಾಯಿ ರಾಶಿಯ ಫೋಟೋ ಕಳಿಸಿದ್ದರು. ಮಾರನೇ ದಿನ ಚಿಂಗ್‌ಪಿಂಗ್ ಮಾರುಕಟ್ಟೆಯಲ್ಲಿ ಸುಮ್ನೆ ಸುತ್ತುತ್ತಿದ್ದೆ. ಒಂದು ಚೀಲದಲ್ಲಿ ಈ ಕಾಳು ಕಂಡಿತು. ಅಂಚಿನಲ್ಲಿ ಉಬ್ಬಿ ನಿಂತ ಬಿಳಿ ಗೆರೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಆ ಗೆರೆಯಿಂದಾಗಿಯೇ ಇದನ್ನು ಹುಬ್ಬಿಗೆ ಹೋಲಿಸುವ ಹೆಸರೊಂದು ಚೀನೀ ಭಾಷೆಯಲ್ಲಿದೆ ಅಂತ ಆಮೇಲೆ ತಿಳಿಯಿತು. 16ನೇ ಶತಮಾನದ ವೈದ್ಯ ಲಿ ಶಿಝೆನ್ ಅವರೇ ಅದನ್ನು ಬರೆದಿದ್ದಾರೆ. ಅಂಗಡಿಯಾಕೆ ಹೊಟ್ಟೆ ಮುಟ್ಟಿ ತೋರಿಸಿ, ಇದು ಜೀರ್ಣಕ್ಕೆ ಒಳ್ಳೆಯದು ಅಂದರು. ಅರ್ಧ ಕೆಜಿ ತಂದೆ.

ತಪ್ಪು ಇಲ್ಲಿಂದ ಶುರು. ಇದನ್ನು ಮಾತ್ರ ನಿಧಾನವಾಗಿ ಓದಿ.

ರೂಮಿನಲ್ಲಿ ಕುಕ್ಕರ್ ಇರಲಿಲ್ಲ. ಅಲ್ಲಿ ಮನೆಮನೆಯಲ್ಲೂ ಇರುವಂಥ, ಸೂಪ್ ಮಾಡುವ ಕರೆಂಟ್ ಪಿಂಗಾಣಿ ಪಾತ್ರೆ ಇತ್ತು. ಹಗಲೆಲ್ಲ ಕಾಳು ನೆನೆಸಿದೆ. ರುಚಿ ಹೋಗುತ್ತೆ ಅಂತ ನೆನೆಸಿದ ನೀರನ್ನೂ ಚೆಲ್ಲಲಿಲ್ಲ. ರಾತ್ರಿ ಅದೇ ನೀರಿನಲ್ಲಿ ತೀರಾ ಸಣ್ಣ ಶಾಖಕ್ಕೆ ಇಟ್ಟು ಮಲಗಿದೆ. ಬೆಳಿಗ್ಗೆ ಬೆರಳಲ್ಲಿ ಒತ್ತಿದರೆ ಕಾಳು ಮೆತ್ತಗಿತ್ತು. ಬೆಂದಿದೆ ಅಂದುಕೊಂಡೆ. ಊರಿಂದ ತಂದ ಸಾರಿನ ಪುಡಿ ಕಲಸಿ, ಒಗ್ಗರಣೆ ಹಾಕಿ, ಎರಡು ಬಟ್ಟಲು ತಿಂದೆ.

ಎರಡು ಗಂಟೆಯೊಳಗೆ ವಾಂತಿ ಹಿಡಿಯಿತು. ಸಂಜೆವರೆಗೂ ನಿಲ್ಲಲಿಲ್ಲ. ಕೊನೆಗೆ ಡ್ರಿಪ್ ಹಾಕಿಸಿಕೊಳ್ಳಬೇಕಾಯಿತು. ಏನು ತಿಂದೆ ಅಂತ ಹೇಳಿದ ತಕ್ಷಣ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಕುದಿಸಿದ್ದಿರಾ?

ಕುದಿಸಿರಲಿಲ್ಲ. ಬಿಸಿ ಮಾಡಿದ್ದೆ. ಬಲಿತ ಅವರೆಬೀಜದಲ್ಲಿ ಲೆಕ್ಟಿನ್ ಅನ್ನೋ ಪ್ರೋಟೀನ್ ಇರುತ್ತದೆ. ಅದು ಕರುಳಿನ ಒಳಪದರಕ್ಕೆ ಅಂಟಿ ಹೊಟ್ಟೆ ಕೆಡಿಸುತ್ತದೆ. ನೀರು ಕೊತಕೊತ ಕುದ್ದರೆ ಆ ಲೆಕ್ಟಿನ್ ಹಾಳಾಗುತ್ತದೆ. ಸಣ್ಣ ಶಾಖದಲ್ಲಿ ಹತ್ತು ಗಂಟೆ ಇಟ್ಟರೂ ಕಾಳು ಮೆತ್ತಗಾಗುತ್ತದೆಯೇ ಹೊರತು ಅದು ಹೋಗುತ್ತದೆ ಅಂತ ನಂಬುವ ಹಾಗಿಲ್ಲ. ಅಂದರೆ ನಾವು ಬೆರಳಲ್ಲಿ ಒತ್ತಿ ನೋಡುತ್ತೇವಲ್ಲ, ಆ ಪರೀಕ್ಷೆಗೆ ಇಲ್ಲಿ ಬೆಲೆಯೇ ಇಲ್ಲ. ಊರಲ್ಲಿ ಯಾಕೆ ಯಾವತ್ತೂ ಹೀಗಾಗಲಿಲ್ಲ ಅಂತ ಬಹಳ ದಿನ ಯೋಚಿಸಿದೆ. ಅವ್ವ ಒಣಕಾಳನ್ನು ಕುಕ್ಕರಿನಲ್ಲಿ ಕೂಗಿಸುತ್ತಿದ್ದಳು. ಹಿದುಕಿದ ಬೇಳೆಗೆ ನೆನೆಸಿದ ನೀರು ಚೆಲ್ಲಿ, ಸಿಪ್ಪೆ ತೆಗೆದು, ಕುದಿಯುವ ಸಾರಿಗೇ ಹಾಕುತ್ತಿದ್ದಳು. ಯಾರೂ ಕಾರಣ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅದಕ್ಕಿಂತ ಜಾಸ್ತಿ ನನ್ನನ್ನು ಕೆಡಿಸಿದ್ದು, ಹೊಟ್ಟೆಯ ಔಷಧಿ ಹೊಟ್ಟೆಗೆ ಏನು ಮಾಡೀತು ಅನ್ನೋ ನಂಬಿಕೆ.

ಅಲ್ಲಿನ ವೈದ್ಯರು ಇದನ್ನು ಅಜೀರ್ಣ, ಭೇದಿ, ಬೇಸಿಗೆಯ ಸೆಕೆ-ತೇವದಿಂದ ಬರುತ್ತದೆ ಅಂತ ಅವರು ಹೇಳುವ ಬಾಧೆಗೆ ಕೊಡುವುದು ನಿಜ. ಸೋಂಗ್ ರಾಜರ ಕಾಲದ ‘ಶೆನ್ ಲಿಂಗ್ ಬೈ ಝು’ ಚೂರ್ಣದಲ್ಲೂ ಇದು ಇದೆ. ಆದರೆ ಕಷಾಯಕ್ಕೆ ಹೇಳಿರುವ ಅಳತೆ 9ರಿಂದ 15 ಗ್ರಾಂ. ಅದನ್ನೂ ಕುದಿಸಿಯೇ ಕೊಡುತ್ತಾರೆ. ಅಡುಗೆಯಲ್ಲೂ ಅಷ್ಟೇ. ಗುವಾಂಗ್‌ಝೌ ಇರುವ ಗುವಾಂಗ್‌ಡಾಂಗ್ ಪ್ರಾಂತ್ಯದ ಮನೆಗಳಲ್ಲಿ ಮಳೆಗಾಲದ ಸೆಕೆಗೆ ಇದನ್ನು ಹಂದಿ ಮೂಳೆ ಜೊತೆ ಗಂಟೆಗಟ್ಟಲೆ ಬೇಯಿಸಿ ಸೂಪ್ ಮಾಡುತ್ತಾರೆ.

ಹಾಗಾಗಿ ನಿಮ್ಮ ಭಯ ಸರಿಯಾದ ಕಡೆ ಇಲ್ಲ. ಕಾಳು ಯಾವ ಅಂಗಡಿಯದು ಅಂತ ಹೆದರಬೇಡಿ, ಯಾವ ಪಾತ್ರೆಯಲ್ಲಿ ಬೇಯಿಸುತ್ತೀರಿ ನೋಡಿ. ರಾತ್ರಿಯಿಡೀ ನೆನೆಸಿ. ಆ ನೀರು ಚೆಲ್ಲಿ. ಹೊಸ ನೀರು ಹಾಕಿ, ಕುದಿ ಬಂದ ಮೇಲೆ ಕನಿಷ್ಠ ಅರ್ಧ ಗಂಟೆ ಜೋರು ಉರಿಯಲ್ಲೇ ಇಡಿ. ಕುಕ್ಕರ್ ಕೊಂಡರೆ ಇನ್ನೂ ಒಳ್ಳೆಯದು. ನಾನು ವಾರದೊಳಗೇ ಕೊಂಡೆ.

ಸೊಗಡು ಮಾತ್ರ ಹುಡುಕಬೇಡಿ. ಅದು ಇಬ್ಬನಿ ಬಿದ್ದ ಹಸಿಕಾಯಿಯ ಸಿಪ್ಪೆ ಮೇಲಿನ ಎಣ್ಣೆಯದ್ದು. ಒಣಕಾಳಿನಲ್ಲಿ ಎಲ್ಲಿಂದ ಬರಬೇಕು? ಇದರಲ್ಲಿ ಹುಳಿಸಾರು ಚೆನ್ನಾಗಿ ಆಗುತ್ತದೆ, ಮುದ್ದೆಗೂ ಸರಿ ಹೋಗುತ್ತದೆ. ಅಂಗಡಿಯಲ್ಲಿ ‘ಶಂಗ್’ ಅಂತ ಕೇಳಿ, ಅಂದರೆ ಹುರಿಯದ ಕಾಳು. ‘ಚಾವ್’ ಅಂದರೆ ಹುರಿದದ್ದು. ಅದನ್ನು ಹಾಕಿದರೆ ಸಾರಿಗೆ ಸೀದ ವಾಸನೆ ಬರುತ್ತದೆ.