ಸಿಮ್ ಒಂದು ಕಡೆ, ಫೋನು ಒಂದು ಕಡೆ: ಪ್ರಯಾಣದ ಫೋನಿನ ತೊಡಕುಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಮಕ್ಕಳ ಮನೆಗೆ, ಯಾತ್ರೆಗೆ, ವ್ಯಾಪಾರಕ್ಕೆ ಹೊರಡುವವರು ದಿನಬಳಕೆಯ ಫೋನನ್ನು ಮನೆಯಲ್ಲೇ ಬಿಟ್ಟು ಪ್ರಯಾಣಕ್ಕೆಂದು ಬೇರೊಂದು ಫೋನನ್ನು ಸಿದ್ಧಮಾಡಿಕೊಳ್ಳುತ್ತಿದ್ದಾರೆ. ಹಾಗೆ ಸಿದ್ಧಪಡಿಸಿದ ಫೋನಿಗೆ ಸಂದೇಶಗಳು ಮಾತ್ರ ಸರಿಯಾಗಿ ಬರುತ್ತಿಲ್ಲ. ಚಿಂತಾಮಣಿಯಿಂದ ಬಂದ ಪತ್ರದಲ್ಲಿ ಉಳಿದವರ ಗೊಂದಲಗಳೂ ಬಹುಪಾಲು ಸೇರಿಕೊಂಡಿರುವುದರಿಂದ ಅದಕ್ಕೆ ವಿವರವಾಗಿ ಉತ್ತರಿಸಿದ್ದೇನೆ.

ಪ್ರಶ್ನೆ: ಮುಂದಿನ ತಿಂಗಳು ನಾನು ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿ ಐದು ತಿಂಗಳು ಇರುವವಳಿದ್ದೇನೆ. ನನ್ನ ಹಳೆಯ ಫೋನಿನಲ್ಲಿ ಪಿಂಚಣಿ ಬರುವ ಬ್ಯಾಂಕಿನ ಆ್ಯಪ್ ಮತ್ತು ಗ್ಯಾಸ್ ಬುಕಿಂಗ್ ಎಲ್ಲವೂ ಇರುವುದರಿಂದ ಅದನ್ನು ಸಿಮ್ ಸಮೇತ ಯಜಮಾನರ ಬಳಿ ಬಿಟ್ಟು, ಪ್ರಯಾಣಕ್ಕೆ ಹೊಸ ಆಂಡ್ರಾಯ್ಡ್ ಫೋನು ಕೊಂಡೆ. ಮಗ ಹೊಸ ಫೋನಿಗೆ ನನ್ನ ವಾಟ್ಸ್‌ಆ್ಯಪ್ ಜೋಡಿಸಿಕೊಟ್ಟ. ಪರೀಕ್ಷೆಗೆಂದು ಹೊಸ ಫೋನನ್ನು ಮಾತ್ರ ಹಿಡಿದು ಹುಬ್ಬಳ್ಳಿಯ ತಂಗಿಯ ಮನೆಯಲ್ಲಿ ಮೂರು ವಾರ ಇದ್ದೆ. ಎರಡು ವಾರ ಎಲ್ಲವೂ ಸರಿಯಾಗಿತ್ತು. ಆಮೇಲೆ ಒಂದು ದಿನ ಬೆಳಿಗ್ಗೆ ವಾಟ್ಸ್‌ಆ್ಯಪ್ ತಾನಾಗಿಯೇ ಲಾಗ್ಔಟ್ ಆಯಿತು. ಹಳೆಯ ಫೋನನ್ನು ಯಜಮಾನರು ಆಫ್ ಮಾಡಿ ಬೀರುವಿನಲ್ಲಿ ಇಟ್ಟಿದ್ದರಂತೆ. ಅಮೆರಿಕದಲ್ಲೂ ಹೀಗಾದರೆ ಏನು ಮಾಡಲಿ?
(ನಿವೃತ್ತ ಶಿಕ್ಷಕಿ, ಚಿಂತಾಮಣಿ)

ಉತ್ತರ: ನ್ಯೂಜೆರ್ಸಿಗೆ ಹೋಗುವ ಮೊದಲು ಹುಬ್ಬಳ್ಳಿಯಲ್ಲಿ ಪರೀಕ್ಷಿಸಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಹೊಸ ಫೋನಿನಲ್ಲಾಗಲಿ, ಮಗ ಮಾಡಿದ ಜೋಡಣೆಯಲ್ಲಾಗಲಿ ದೋಷವಿಲ್ಲ. ದೋಷ ಇರುವುದು ಬೀರುವಿನಲ್ಲಿ.

ವಾಟ್ಸ್‌ಆ್ಯಪ್ ಖಾತೆಯನ್ನು ರೇಷನ್ ಕಾರ್ಡಿನಂತೆ ಭಾವಿಸಿ. ಒಂದು ಸಂಖ್ಯೆಗೆ ಒಂದೇ ಕಾರ್ಡು, ಅದರಲ್ಲಿ ಮನೆಯ ಯಜಮಾನಿಯ ಸ್ಥಾನ ಮುಖ್ಯ ಫೋನಿನದು. ಅದರ ಜೊತೆಗೆ ಗರಿಷ್ಠ ನಾಲ್ಕು ಸಾಧನಗಳನ್ನು ಸದಸ್ಯರಾಗಿ ಸೇರಿಸಬಹುದು. 2023ರವರೆಗೆ ಈ ಸದಸ್ಯತ್ವ ಕಂಪ್ಯೂಟರಿನಂಥ ಸಾಧನಗಳಿಗಷ್ಟೇ ಇತ್ತು, ಆ ವರ್ಷದ ಏಪ್ರಿಲ್‌ನಿಂದ ಇನ್ನೊಂದು ಫೋನಿಗೂ ಸಿಕ್ಕಿತು. ಸದಸ್ಯ ಫೋನು ಮುಖ್ಯ ಫೋನಿನ ನೆರವಿಲ್ಲದೆ ಸಂದೇಶ ಕಳಿಸಬಲ್ಲದು, ಪಡೆಯಬಲ್ಲದು. ಆದರೆ ಮುಖ್ಯ ಫೋನನ್ನು 14 ದಿನ ಬಳಸದಿದ್ದರೆ ಜೋಡಿಸಿದ ಸಾಧನಗಳೆಲ್ಲವೂ ತಾವಾಗಿಯೇ ಲಾಗ್ಔಟ್ ಆಗುತ್ತವೆ. ಹುಬ್ಬಳ್ಳಿಯಲ್ಲಿ ನಡೆದದ್ದು ಇದೇ. ಆಗ ಮರಳಿ ಜೋಡಿಸಲು ಮುಖ್ಯ ಫೋನು ಕೈಯಲ್ಲಿರಬೇಕಾಗುತ್ತದೆ. ಅದು ಚಿಂತಾಮಣಿಯಲ್ಲಿ, ನೀವು ನ್ಯೂಜೆರ್ಸಿಯಲ್ಲಿ.

ಯಜಮಾನರು ಎರಡು ಮೂರು ದಿನಕ್ಕೊಮ್ಮೆ ಹಳೆಯ ಫೋನನ್ನು ಚಾರ್ಜ್ ಮಾಡಿ, ಇಂಟರ್ನೆಟ್ ಹಾಕಿ, ವಾಟ್ಸ್‌ಆ್ಯಪ್ ತೆರೆದು ನೋಡಿದರೆ ನಿಮ್ಮ ಈಗಿನ ವ್ಯವಸ್ಥೆಯೇ ನಡೆದುಹೋಗುತ್ತದೆ. ಆದರೆ ಐದು ತಿಂಗಳ ಕಾಲ ಮತ್ತೊಬ್ಬರ ನೆನಪಿನ ಶಕ್ತಿಯನ್ನು ನಂಬಿ ಕೂರುವುದು ನನಗೆ ಸರಿಕಾಣುವುದಿಲ್ಲ. ನಾನು ಹೇಳುವುದು ತದ್ವಿರುದ್ಧವಾದ ಏರ್ಪಾಡು: ಸಿಮ್ ನಿಮ್ಮೊಂದಿಗೆ ಹೊರಡಲಿ, ಪ್ರಯಾಣದ ಫೋನೇ ಮುಖ್ಯ ಫೋನಾಗಲಿ, ಮನೆಯಲ್ಲಿ ಉಳಿಯುವ ಫೋನು ಬೇಕಿದ್ದರೆ ಸದಸ್ಯನಾಗಲಿ.

ಇದಕ್ಕೆ ಹೊರಡುವ ಹತ್ತು ದಿನ ಮೊದಲೇ ಸಿಮ್ಮನ್ನು ಹೊಸ ಫೋನಿಗೆ ಹಾಕಿರಿ. ಹೊಸ ಫೋನಿನಲ್ಲಿ ಈಗಿರುವ ಜೋಡಣೆಯಿಂದ ಹೊರಬಂದು, ನಿಮ್ಮ ಸಂಖ್ಯೆಯನ್ನು ನಮೂದಿಸಿ ನೋಂದಣಿ ಮಾಡಿಕೊಳ್ಳಿ. ಎಸ್‌ಎಂಎಸ್ ಮೂಲಕ ಆರು ಅಂಕಿಗಳ ಕೋಡ್ ಬರುತ್ತದೆ. ಹಳೆಯ ಮಾತುಕತೆಗಳು ಬೇಕೆಂದಾದರೆ ಹಳೆಯ ಫೋನಿನ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಚಾಟ್ಸ್ ಎಂಬ ವಿಭಾಗದ ಕೆಳಗೆ ಟ್ರಾನ್ಸ್‌ಫರ್ ಚಾಟ್ಸ್ ಎಂದಿರುವುದನ್ನು ಬಳಸಿ, ಎರಡೂ ಫೋನುಗಳನ್ನು ಅಕ್ಕಪಕ್ಕ ಇಟ್ಟು ಕ್ಯೂಆರ್ ಕೋಡ್ ಮೂಲಕ ವರ್ಗಾಯಿಸಬಹುದು, ಅಥವಾ ಮೊದಲೇ ಗೂಗಲ್ ಡ್ರೈವ್‌ಗೆ ಬ್ಯಾಕಪ್ ಇಟ್ಟುಕೊಂಡು ಅಲ್ಲಿಂದ ತರಿಸಿಕೊಳ್ಳಬಹುದು. ನೋಂದಣಿ ಮುಗಿದ ಕೂಡಲೇ ಹಳೆಯ ಫೋನು ಲಾಗ್ಔಟ್ ಆಗುತ್ತದೆ. ಗಾಬರಿಯಾಗಬೇಡಿ, ಅದು ಹಾಗೆಯೇ ಆಗಬೇಕು. ಮನೆಯ ಫೋನಿನಲ್ಲಿಯೂ ನಿಮ್ಮ ಸಂದೇಶಗಳು ಕಾಣಬೇಕೆಂದಿದ್ದರೆ ಅದರಲ್ಲಿ ಸಂಖ್ಯೆಯನ್ನು ನಮೂದಿಸಬೇಡಿ. ನೋಂದಣಿಯ ಪರದೆಯ ಮೂಲೆಯಲ್ಲಿರುವ ಮೂರು ಚುಕ್ಕಿಗಳನ್ನು ಒತ್ತಿ, ಈಗಾಗಲೇ ಇರುವ ಖಾತೆಗೆ ಜೋಡಿಸುವ ಆಯ್ಕೆಯನ್ನು ತೆಗೆದುಕೊಂಡು, ಹೊಸ ಫೋನಿನ ಲಿಂಕ್ಡ್ ಡಿವೈಸಸ್‌ನಿಂದ ಆ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಬೇಕು. ಇಲ್ಲಿ ಮರೆತು ಸಂಖ್ಯೆ ಹಾಕಿ ನೋಂದಣಿ ಮಾಡಿದರೆ ಯಜಮಾನಿಯ ಸ್ಥಾನ ಮತ್ತೆ ಮನೆಯ ಫೋನಿಗೆ ಹೋಗಿಬಿಡುತ್ತದೆ. ನನಗೆ ಬರುವ ದೂರುಗಳಲ್ಲಿ ಬಹಳಷ್ಟರ ಮೂಲ ಈ ಒಂದೇ ಹೆಜ್ಜೆ.

ನೋಂದಣಿಯ ನಡುವೆ ಟು-ಸ್ಟೆಪ್ ವೆರಿಫಿಕೇಶನ್‌ನ ಆರು ಅಂಕಿಗಳ ಪಿನ್ ಕೇಳಬಹುದು. ಇದು ಎಸ್‌ಎಂಎಸ್‌ನಲ್ಲಿ ಬರುವ ಕೋಡ್ ಅಲ್ಲ, ಎಂದೋ ನೀವೇ ಇಟ್ಟುಕೊಂಡ ಗುಟ್ಟಿನ ಸಂಖ್ಯೆ. ಮರೆತಿದ್ದು, ಇಮೇಲ್ ವಿಳಾಸವನ್ನೂ ಕೊಟ್ಟಿರದಿದ್ದರೆ, ಹೊಸ ಪಿನ್ ಇಡಲು 7 ದಿನ ಕಾಯಬೇಕಾಗುತ್ತದೆ. ಈ ಅಂಕಣ ಬರೆಯುವ ನಾನೇ ಒಮ್ಮೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕುಳಿತು ಫೋನು ಬದಲಾಯಿಸಲು ಹೋಗಿ, ಪಿನ್ ನೆನಪಾಗದೆ, ಒಂದು ವಾರದ ಪ್ರವಾಸವನ್ನು ವಾಟ್ಸ್‌ಆ್ಯಪ್ ಇಲ್ಲದೆಯೇ ಮುಗಿಸಿ ಬಂದಿದ್ದೇನೆ. ಹತ್ತು ದಿನ ಮೊದಲು ಎಂದು ಹೇಳಿದ್ದು ಆ ಪಾಠದಿಂದ.

ಇನ್ನು ಬ್ಯಾಂಕಿನ ವಿಷಯ. ಓಟಿಪಿ ಎಂಬುದು ಸಿಮ್ ಇರುವ ಕಡೆಗೇ ಬರುವ ಎಸ್‌ಎಂಎಸ್. ವಾಟ್ಸ್‌ಆ್ಯಪ್ ಎಲ್ಲಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಸಿಮ್ ನಿಮ್ಮೊಂದಿಗೆ ಬರುವುದಾದರೆ ಹೊರಡುವ ಮೊದಲೇ ಅದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಮಾಡಿಸಿಕೊಳ್ಳಿ, ಎಸ್‌ಎಂಎಸ್ ಪಡೆಯಲು ನಿಮ್ಮ ಪ್ಲಾನಿನಲ್ಲಿ ಶುಲ್ಕವಿದೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಿ. ಅಲ್ಲಿ ಇಳಿದ ಮೇಲೆ ಈ ಸಿಮ್ಮಿನ ಡೇಟಾ ರೋಮಿಂಗನ್ನು ಮಾತ್ರ ಆಫ್ ಮಾಡಿ, ಇಂಟರ್ನೆಟ್ಟಿಗೆ ಮಗಳ ಮನೆಯ ವೈಫೈಯನ್ನೋ ಎರಡನೆಯ ಸ್ಲಾಟಿನಲ್ಲಿ ಹಾಕಿದ ಅಲ್ಲಿನ ಸಿಮ್ಮನ್ನೋ ಬಳಸಿ. ಅಲ್ಲಿನ ಸಿಮ್ ಹಾಕಿದಾಗ ನಿಮ್ಮ ಸಂಖ್ಯೆ ಬದಲಾಯಿತೇ ಎಂದು ವಾಟ್ಸ್‌ಆ್ಯಪ್ ಕೇಳಿದರೆ ಇಲ್ಲ ಎನ್ನಿ. ಖಾತೆ ಭಾರತದ ಸಂಖ್ಯೆಯ ಮೇಲೆಯೇ ಮುಂದುವರಿಯುತ್ತದೆ. ಕೆಲವರು ಓಟಿಪಿಗಾಗಿ ಹಳೆಯ ಕೀಪ್ಯಾಡ್ ಫೋನಿಗೆ ಸಿಮ್ ಹಾಕಿ ಒಯ್ಯುತ್ತಾರೆ. ಅಮೆರಿಕದ ದೊಡ್ಡ ಕಂಪನಿಗಳು 3ಜಿ ಜಾಲವನ್ನು 2022ರಲ್ಲೇ ಮುಚ್ಚಿರುವುದರಿಂದ 4ಜಿ ಇಲ್ಲದ ಫೋನನ್ನು ನೆಚ್ಚಿಕೊಳ್ಳಬೇಡಿ.

ಯುಪಿಐ ಆ್ಯಪ್‌ಗಳು ಸಿಮ್ಮಿಗೂ ಫೋನಿಗೂ ಸೇರಿಸಿ ಗಂಟುಹಾಕಿದಂತೆ ಕೆಲಸ ಮಾಡುತ್ತವೆ, ಮತ್ತು ನೋಂದಣಿಯ ಹೊತ್ತಿನಲ್ಲಿ ಆ ಸಿಮ್ಮಿನಿಂದಲೇ ಒಂದು ಎಸ್‌ಎಂಎಸ್ ಕಳಿಸುತ್ತವೆ. ಆದ್ದರಿಂದ ಅವನ್ನೂ ಚಿಂತಾಮಣಿಯಲ್ಲಿರುವಾಗಲೇ ಹೊಸ ಫೋನಿನಲ್ಲಿ ಸ್ಥಾಪಿಸಿಕೊಳ್ಳಿ. ಮನೆಯ ಗ್ಯಾಸ್, ಕರೆಂಟ್ ಬಿಲ್ಲುಗಳನ್ನು ಈ ಐದು ತಿಂಗಳ ಮಟ್ಟಿಗೆ ಯಜಮಾನರ ಸಂಖ್ಯೆಗೆ ಬದಲಾಯಿಸಿಬಿಡುವುದು ಉತ್ತಮ, ಏಕೆಂದರೆ ಇಲ್ಲಿ ಅವರು ಬೆಳಿಗ್ಗೆ 10 ಗಂಟೆಗೆ ಬಿಲ್ಲು ಕಟ್ಟಲು ಕುಳಿತರೆ ಬೇಸಿಗೆಯ ನ್ಯೂಜೆರ್ಸಿಯಲ್ಲಿ ರಾತ್ರಿ 12.30 ಆಗಿರುತ್ತದೆ, ಓಟಿಪಿ ಹೇಳಲು ನೀವು ಎದ್ದು ಕೂರಬೇಕಾದೀತು. ಕೊನೆಯದಾಗಿ, ಸಂಖ್ಯೆಯ ಪ್ಲಾನ್ ನಡುವೆ ಮುಗಿಯದಂತೆ ಮಗನಿಗೆ ರೀಚಾರ್ಜ್ ಮಾಡಿಸಲು ಹೇಳಿ. 90 ದಿನ ಯಾವ ಬಳಕೆಯೂ ಇಲ್ಲದ ಪ್ರಿಪೇಯ್ಡ್ ಸಂಖ್ಯೆಯನ್ನು ಕಂಪನಿ ನಿಷ್ಕ್ರಿಯಗೊಳಿಸಬಹುದು, ಕಾಲಕ್ರಮದಲ್ಲಿ ಅದು ಬೇರೊಬ್ಬರ ಕೈ ಸೇರಬಹುದು. ಆಗ ವಾಟ್ಸ್‌ಆ್ಯಪ್ ಕೋಡ್ ಕೂಡ ಅವರಿಗೇ ಹೋಗುತ್ತದೆ.

ಪ್ರಶ್ನೆ: ನಾನು ರೇಷ್ಮೆ ರೀಲರ್. ಸ್ವಯಂಚಾಲಿತ ರೀಲಿಂಗ್ ಯಂತ್ರ ನೋಡಲು ನಾಳಿದ್ದು ಚೀನಾಕ್ಕೆ ಹೊರಟಿದ್ದೇನೆ. ಎರಡು ಸಿಮ್ ಬೇಕಾಗುತ್ತದೆಂದು ಇಂದು ಬೆಳಿಗ್ಗೆ ನನ್ನ ಸಿಮ್ಮನ್ನು ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್) ಮಾಡಿಸಿ ಹೊಸ ಫೋನಿಗೆ ಹಾಕಿದೆ. ಕರೆಗಳು ಬರುತ್ತಿವೆ, ಆದರೆ ವಾಟ್ಸ್‌ಆ್ಯಪ್ ಕೋಡಾಗಲಿ ಬ್ಯಾಂಕಿನ ಓಟಿಪಿಯಾಗಲಿ ಒಂದೂ ಬರುತ್ತಿಲ್ಲ. ಎಂಟು ಸಲ ಕೇಳಿಯಾಯಿತು.
(ಓದುಗರು, ಶಿಡ್ಲಘಟ್ಟ)

ಉತ್ತರ: ನಿಮ್ಮ ಪತ್ರ ಇಮೇಲಿನಲ್ಲಿ ಬಂದ ಸಂಜೆಯೇ ಚುಟುಕಾಗಿ ಉತ್ತರಿಸಿದ್ದೆ, ಉಳಿದವರಿಗೂ ಉಪಯೋಗವಾಗಲೆಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಸಿಮ್ ಬದಲಾಯಿಸಿದ ಅಥವಾ ಇ-ಸಿಮ್ ಆಗಿ ಪರಿವರ್ತಿಸಿದ ಸಂಖ್ಯೆಗೆ ಮೊದಲ 24 ಗಂಟೆ ಎಸ್‌ಎಂಎಸ್ ಸೌಲಭ್ಯವನ್ನು ತಡೆಹಿಡಿಯಬೇಕೆಂಬುದು ದೂರಸಂಪರ್ಕ ಇಲಾಖೆಯ ಸೂಚನೆ. ಮತ್ತೊಬ್ಬರ ಹೆಸರಿನಲ್ಲಿ ನಕಲಿ ಸಿಮ್ ಪಡೆದು, ಓಟಿಪಿ ತರಿಸಿಕೊಂಡು ಖಾತೆ ಬರಿದು ಮಾಡುವ ವಂಚನೆಗೆ ಹಾಕಿದ ಬೇಲಿ ಇದು. ಬೇಲಿ ಒಳ್ಳೆಯದೇ, ಆದರೆ ಹೊರಡುವ ಹಿಂದಿನ ದಿನ ಇ-ಸಿಮ್ ಮಾಡಿಸಿದವರು ಅದರಾಚೆ ಸಿಕ್ಕಿಬೀಳುತ್ತಾರೆ. ಕರೆಗಳಿಗೆ ತಡೆ ಇಲ್ಲದಿರುವುದರಿಂದ ವಾಟ್ಸ್‌ಆ್ಯಪ್‌ನಲ್ಲಿ ಕೋಡನ್ನು ಕರೆಯ ಮೂಲಕ ಪಡೆಯುವ ಆಯ್ಕೆಯನ್ನು ಬಳಸಿರಿ. ಪದೇ ಪದೇ ಕೋಡ್ ಕೇಳಿದಷ್ಟೂ ಮುಂದಿನ ಪ್ರಯತ್ನಕ್ಕೆ ಕಾಯಬೇಕಾದ ಸಮಯ ಬೆಳೆಯುತ್ತಾ ಹೋಗುತ್ತದೆ. ಎಂಟು ಸಲ ಕೇಳಿದ ತಮಗೆ ಅದೀಗ ಗಂಟೆಗಳ ಲೆಕ್ಕಕ್ಕೆ ಬಂದಿರಬೇಕು. ಬ್ಯಾಂಕಿನ ಓಟಿಪಿಗೆ ಮಾತ್ರ ನಾಳೆ ಬೆಳಿಗ್ಗೆವರೆಗೆ ಕಾಯದೆ ಬೇರೆ ದಾರಿಯಿಲ್ಲ.

ಚೀನಾದ ಬಗ್ಗೆ ನೀವು ಕೇಳದ ಒಂದು ಮಾತು. ಅಲ್ಲಿ ವಾಟ್ಸ್‌ಆ್ಯಪ್‌ಗೆ ನಿರ್ಬಂಧವಿದೆ. ಹೋಟೆಲಿನ ವೈಫೈ ಹಿಡಿದು ಸಂದೇಶ ಹೋಗುತ್ತಿಲ್ಲವೆಂದು ಹೊಸ ಫೋನನ್ನು ರೀಸೆಟ್ ಮಾಡಲು ಹೋಗಬೇಡಿ. ರೋಮಿಂಗ್‌ನಲ್ಲಿರುವ ಭಾರತದ ಸಿಮ್ಮಿನ ಡೇಟಾ ಸಾಮಾನ್ಯವಾಗಿ ನಮ್ಮ ದೇಶದ ಜಾಲದ ಮೂಲಕವೇ ಹಾದುಹೋಗುವುದರಿಂದ ಅದರಲ್ಲಿ ವಾಟ್ಸ್‌ಆ್ಯಪ್ ಬಹುಮಟ್ಟಿಗೆ ನಡೆಯುತ್ತದೆ. ಆದ್ದರಿಂದ ಚೀನಾಕ್ಕೆ ಹೊರಟವರು ರೋಮಿಂಗ್ ಪ್ಯಾಕಿಗೆ ಹಣ ಹಾಕುವುದು ದಂಡವಲ್ಲ. ಯಂತ್ರ ಮಾರುವವರು ಚೀನಾದ ಸಂದೇಶದ ಆ್ಯಪ್ ಆದ ವಿಚಾಟ್‌ನಲ್ಲಿ ಇರುತ್ತಾರೆ. ಅದರ ಖಾತೆಯನ್ನು ಶಿಡ್ಲಘಟ್ಟದಲ್ಲೇ ತೆರೆದುಕೊಳ್ಳಲು ಹೋದರೆ ಅದು ಭಾರತದಲ್ಲಿ 2020ರಿಂದ ನಿಷೇಧಿತ ಆ್ಯಪ್ ಎಂಬುದು ನೆನಪಿರಲಿ. ಅದರ ಬದಲು ಮಾರುವವರೊಂದಿಗೆ ಇಮೇಲ್ ವಿಳಾಸಗಳನ್ನು ವಿನಿಮಯ ಮಾಡಿಕೊಳ್ಳಿ.

ಪ್ರಶ್ನೆ: ಚಾರ್‌ಧಾಮ್ ಯಾತ್ರೆಯಲ್ಲಿ ಐಫೋನು ಹಾಳಾದೀತೆಂದು ಅದನ್ನು ಮನೆಯಲ್ಲಿ ವೈಫೈಗೆ ಹಾಕಿಟ್ಟು, ಸಿಮ್ಮನ್ನು ಅಗ್ಗದ ಆಂಡ್ರಾಯ್ಡ್ ಫೋನಿಗೆ ಹಾಕಿಕೊಂಡು ಹೋಗಿದ್ದೆ. ವಾಟ್ಸ್‌ಆ್ಯಪ್ ಚೆನ್ನಾಗಿತ್ತು. ಆದರೆ ಐಫೋನು ಬಳಸುವ ನನ್ನ ಅಣ್ಣ ಕಳಿಸಿದ ಮಾಮೂಲಿ ಮೆಸೇಜುಗಳು ಒಂದೂ ಬರಲಿಲ್ಲ. ಮನೆಗೆ ಬಂದು ನೋಡಿದರೆ ಎಲ್ಲವೂ ಐಫೋನಿನಲ್ಲಿ ಕೂತಿದ್ದವು.
(ಓದುಗರು, ಕೋಲಾರ)

ಉತ್ತರ: ನಿಮ್ಮ ಅಣ್ಣ ಕಳಿಸಿದ್ದು ಮಾಮೂಲಿ ಎಸ್‌ಎಂಎಸ್ ಆಗಿರಲಿಲ್ಲ. ಐಫೋನಿನಿಂದ ಐಫೋನಿಗೆ ಹೋಗುವ ಮೆಸೇಜು ಐಮೆಸೇಜ್ ಆಗಿ, ಇಂಟರ್ನೆಟ್ ಮೂಲಕ ಹೋಗುತ್ತದೆ. ಕಳಿಸಿದವರ ಪರದೆಯಲ್ಲಿ ಅದು ನೀಲಿ ಬಣ್ಣದಲ್ಲಿ ಕಾಣುತ್ತದೆ. ನೀವು ಸಿಮ್ ತೆಗೆದುಕೊಂಡು ಹೋದರೂ ನಿಮ್ಮ ಸಂಖ್ಯೆ ಆಪಲ್‌ನ ಲೆಕ್ಕದಲ್ಲಿ ಆ ಐಫೋನಿನ ವಿಳಾಸವಾಗಿಯೇ ಉಳಿದಿತ್ತು. ಮುಂದಿನ ಸಲ ಸಿಮ್ ತೆಗೆಯುವ ಮೊದಲು ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಐಮೆಸೇಜನ್ನು ಆಫ್ ಮಾಡಿ. ಹೊರಟ ಮೇಲೆ ನೆನಪಾದರೆ ಆಪಲ್‌ನ ಜಾಲತಾಣದಲ್ಲಿಯೇ ಐಮೆಸೇಜ್ ನೋಂದಣಿ ರದ್ದುಮಾಡುವ ಪುಟವಿದೆ. ಅಲ್ಲಿ ಸಂಖ್ಯೆ ಕೊಟ್ಟರೆ ಸಿಮ್ ಇರುವ ಫೋನಿಗೆ ಆರು ಅಂಕಿಗಳ ಕೋಡ್ ಬರುತ್ತದೆ. ಆಂಡ್ರಾಯ್ಡ್‌ನ ಗೂಗಲ್ ಮೆಸೇಜಸ್‌ನಲ್ಲಿ ಆರ್‌ಸಿಎಸ್ (ಐಮೆಸೇಜ್‌ನಂತೆ ಇಂಟರ್ನೆಟ್ ಮೂಲಕ ಹೋಗುವ ಮೆಸೇಜು) ಬಳಸುವವರಿಗೂ ಇದೇ ತೊಡಕು ಬರುತ್ತದೆ, ಪರಿಹಾರವೂ ಇದೇ: ಸಿಮ್ ತೆಗೆಯುವ ಮೊದಲು ಹಳೆಯ ಫೋನಿನಲ್ಲಿ ಆರ್‌ಸಿಎಸ್ ಆಫ್ ಮಾಡಬೇಕು.

ಪ್ರಶ್ನೆ: ಜರ್ಮನಿಗೆ ಓದಲು ಬಂದಿರುವ ನನ್ನ ಹೊಸ ಫೋನಿನಲ್ಲಿ ಅಮ್ಮನ ಕೆಲವು ಸಂದೇಶಗಳ ಜಾಗದಲ್ಲಿ ‘ಈ ಸಂದೇಶಕ್ಕಾಗಿ ಕಾಯಲಾಗುತ್ತಿದೆ’ ಎಂದಷ್ಟೇ ಇದೆ. ಹೊಸ ಸಂದೇಶಗಳೂ ಆ್ಯಪ್ ತೆರೆದ ಮೇಲೆಯೇ ಗುಂಪಾಗಿ ಬೀಳುತ್ತವೆ.
(ವಿದ್ಯಾರ್ಥಿ, ತುಮಕೂರಿನವರು)

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ವಾಟ್ಸ್‌ಆ್ಯಪ್ ಸಂದೇಶಗಳಿಗೆ ಬೀಗವಿರುತ್ತದೆ, ಫೋನು ಬದಲಾದಾಗ ಬೀಗದ ಕೈಯೂ ಬದಲಾಗುತ್ತದೆ. ಹಳೆಯ ಕೈಗೆ ಹೊಂದುವಂತೆ ಬೀಗ ಹಾಕಿ ಬಂದ ಸಂದೇಶವನ್ನು ಅಮ್ಮನ ಫೋನು ಹೊಸ ಕೈಗೆ ಹೊಂದುವಂತೆ ಮತ್ತೊಮ್ಮೆ ಕಳಿಸಬೇಕು; ಅದಕ್ಕೆ ಅವರು ಇಂಟರ್ನೆಟ್ ಇಟ್ಟುಕೊಂಡು ವಾಟ್ಸ್‌ಆ್ಯಪ್ ತೆರೆದರೆ ಸಾಕು. ಗುಂಪಾಗಿ ಬೀಳುವುದಕ್ಕೆ ಕಾರಣ ನಿಮ್ಮ ಫೋನಿನ ಬ್ಯಾಟರಿ ಉಳಿತಾಯ. ಆ್ಯಪ್ ಮಾಹಿತಿಯಲ್ಲಿ ಬ್ಯಾಟರಿ ನಿರ್ಬಂಧವನ್ನು ತೆಗೆದು, ಹಿನ್ನೆಲೆ ಡೇಟಾಕ್ಕೂ ನೋಟಿಫಿಕೇಶನ್‌ಗೂ ಅನುಮತಿ ಕೊಡಿ. ಆಂಡ್ರಾಯ್ಡ್ 13ರಿಂದ ಈಚೆಗೆ ನೋಟಿಫಿಕೇಶನ್‌ಗೆ ಪ್ರತ್ಯೇಕವಾಗಿ ಒಪ್ಪಿಗೆ ಕೇಳಲಾಗುತ್ತದೆ, ಅವಸರದಲ್ಲಿ ಬೇಡ ಎಂದು ಒತ್ತಿರುವ ಸಾಧ್ಯತೆಯೂ ಇದೆ.

ಪ್ರಶ್ನೆ: ದುಬೈಗೆ ಹೋದ ತಂದೆಯವರ ವಾಟ್ಸ್‌ಆ್ಯಪ್‌ಗೆ ಸಂದೇಶ, ಫೋಟೊ ಎಲ್ಲವೂ ಹೋಗುತ್ತವೆ, ವಿಡಿಯೊ ಕರೆ ಮಾತ್ರ ತಗಲುವುದಿಲ್ಲ. ಫೋನು ಬದಲಾಯಿಸಿ ಕೊಡಬೇಕೇ?
(ಓದುಗರು, ಬಂಗಾರಪೇಟೆ)

ಉತ್ತರ: ಬೇಡ. ಅರಬ್ ಸಂಯುಕ್ತ ಸಂಸ್ಥಾನದಲ್ಲಿ ವಾಟ್ಸ್‌ಆ್ಯಪ್ ಕರೆಗಳಿಗೆ ತಡೆಯಿದೆ, ಸಂದೇಶಗಳಿಗಿಲ್ಲ. ಅಲ್ಲಿ ಅನುಮತಿ ಇರುವ ಬೋಟಿಮ್‌ನಂಥ ಆ್ಯಪನ್ನು ಎರಡೂ ಕಡೆ ಹಾಕಿಕೊಂಡರೆ ತಂದೆಯವರ ಮುಖ ನೋಡಿ ಮಾತನಾಡಬಹುದು.