ತೂತ್ತುಕುಡಿಯ ಸ್ವದೇಶಿ ಹಡಗುಗಳನ್ನು ಸೋಲಿಸಿದ್ದು ಮಾರುಕಟ್ಟೆಯೇ?

ಮಾನ್ಯರೇ,

ತಮಿಳುನಾಡಿನ ಸ್ವಾತಂತ್ರ್ಯ ಹೋರಾಟಗಾರ ವ. ಉ. ಚಿದಂಬರಂ ಪಿಳ್ಳೈ ಅವರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ತಾವು ಬರೆದ ಪತ್ರ ತಲುಪಿದೆ. ಐದೇ ವರ್ಷಕ್ಕೆ ಮುಚ್ಚಿಹೋದ ಅವರ ಹಡಗು ಕಂಪನಿಯನ್ನು ಆರ್ಥಿಕ ಪ್ರತಿರೋಧವೆನ್ನುವುದು ಬರಿಯ ಅಭಿಮಾನದ ಮಾತಲ್ಲವೇ, ಬಲಾಢ್ಯ ಕಂಪನಿಯೊಡನೆ ದರದ ಪೈಪೋಟಿಗೆ ಇಳಿದದ್ದು ವ್ಯವಹಾರ ತಿಳಿಯದವರ ಕೆಲಸವಲ್ಲವೇ ಎಂದು ಕೇಳಿದ್ದೀರಿ.

ವ್ಯವಹಾರದಿಂದಲೇ ತೊಡಗುತ್ತೇನೆ. ತಮಿಳುನಾಡಿನ ಬಂದರಾದ ತೂತ್ತುಕುಡಿ ಮತ್ತು ಕೊಲಂಬೊ ನಡುವಿನ ಸಾಗಾಟವೆಲ್ಲ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಿಡಿತದಲ್ಲಿದ್ದ ಕಾಲದಲ್ಲಿ, 1906ರ ಅಕ್ಟೋಬರಿನಲ್ಲಿ, ವಕೀಲರಾಗಿದ್ದ ಪಿಳ್ಳೈ ಅವರು ಸ್ವದೇಶಿ ಸ್ಟೀಮ್ ನ್ಯಾವಿಗೇಷನ್ ಕಂಪನಿಯನ್ನು ನೋಂದಾಯಿಸಿದರು. ಉದ್ದೇಶಿತ ಬಂಡವಾಳ 10 ಲಕ್ಷ ರೂಪಾಯಿ. ತಲಾ 25 ರೂಪಾಯಿಯ 40,000 ಷೇರುಗಳು. ಹಾಜಿ ಮಹಮ್ಮದ್ ಬಕೀರ್ ಸೇಠ್ ಅವರೊಬ್ಬರೇ 8,000 ಷೇರು ಕೊಂಡರು. ಲಾಭನಷ್ಟ ಬಲ್ಲ ವರ್ತಕರು ಭಾವಾವೇಶದಲ್ಲಿ 2 ಲಕ್ಷ ರೂಪಾಯಿ ಹೂಡುವುದಿಲ್ಲ. ಬಾಡಿಗೆಗೆ ಪಡೆದ ಹಡಗುಗಳು ಎದುರಾಳಿಯ ಒತ್ತಡದಿಂದ ಕೈತಪ್ಪಿದಾಗ ಪಿಳ್ಳೈ ಅವರು ಕೊಲಂಬೊದಿಂದ ಬೇರೊಂದನ್ನು ತರಿಸಿ ಸಂಚಾರ ನಿಲ್ಲದಂತೆ ನೋಡಿಕೊಂಡರು. ಮರುವರ್ಷ ಗ್ಯಾಲಿಯಾ ಮತ್ತು ಲಾವೋ ಎಂಬ ಸ್ವಂತ ಹಡಗುಗಳೇ ಬಂದವು.

ಇನ್ನು ದರದ ವಿಷಯ. ಬ್ರಿಟಿಷ್ ಕಂಪನಿ ಪ್ರಯಾಣ ದರವನ್ನು ಒಂದು ರೂಪಾಯಿಗೆ ಇಳಿಸಿದ ಮೇಲೆ ಸ್ವದೇಶಿ ಕಂಪನಿ ಎಂಟಾಣೆ ಮಾಡಿತು. ಆಗ ಎದುರಾಳಿ ಬಿಟ್ಟಿ ಪ್ರಯಾಣದ ಜೊತೆಗೆ ಒಂದೊಂದು ಕೊಡೆಯನ್ನೂ ಕೊಡಲು ಮುಂದಾಯಿತು. ಪೈಪೋಟಿಯನ್ನು ಬಿಟ್ಟಿಯ ಮಟ್ಟಕ್ಕೆ ಎಳೆದವರು ಯಾರೆಂಬುದನ್ನು ತಾವೇ ಗಮನಿಸಬೇಕು. ಇಷ್ಟಾದರೂ ಕಾಸು ಕೊಟ್ಟು ಸ್ವದೇಶಿ ಹಡಗು ಹತ್ತುವವರು ಇದ್ದರು ಎಂಬುದೇ ನನಗೆ ಈ ಇಡೀ ಪ್ರಸಂಗದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ.

ಪ್ರತಿರೋಧ ಸಮುದ್ರಕ್ಕೆ ಸೀಮಿತವಾಗಿರಲಿಲ್ಲ. 1908ರ ಫೆಬ್ರವರಿ ಕೊನೆಯಲ್ಲಿ ತೂತ್ತುಕುಡಿಯ ಕೋರಲ್ ಮಿಲ್ಲಿನ ಕಾರ್ಮಿಕರು ಮುಷ್ಕರ ಹೂಡಿದಾಗ ಪಿಳ್ಳೈ ಮತ್ತು ಅವರ ಸಂಗಡಿಗ ಹೋರಾಟಗಾರ ಸುಬ್ರಹ್ಮಣ್ಯ ಶಿವ ಇಬ್ಬರೂ ಕಾರ್ಮಿಕರ ಬೆನ್ನಿಗೆ ನಿಂತರು. ಬಿಳಿಯ ಮಾಲೀಕರು ಕೂಲಿ ಹೆಚ್ಚಿಸಿ ಭಾನುವಾರದ ರಜೆ ಕೊಡಬೇಕಾಯಿತು. ಹಡಗಿನ ಷೇರುದಾರನೂ ಮಿಲ್ಲಿನ ಕೂಲಿಯೂ ಒಂದೇ ಕಡೆ ನಿಂತದ್ದನ್ನು ಸರ್ಕಾರ ಸಹಿಸಲಿಲ್ಲ. ಮಾರ್ಚ್ 12ರಂದು ಇಬ್ಬರನ್ನೂ ಬಂಧಿಸಲಾಯಿತು, ಮರುದಿನ ತಿರುನಲ್ವೇಲಿಯಲ್ಲಿ ಭುಗಿಲೆದ್ದ ಗಲಭೆಯಲ್ಲಿ ಪೊಲೀಸರ ಗುಂಡಿಗೆ ನಾಲ್ವರು ಬಲಿಯಾದರು, ಜುಲೈ ತಿಂಗಳಲ್ಲಿ ನ್ಯಾಯಾಧೀಶ ಪಿನ್ಹೆ ರಾಜದ್ರೋಹದ ಆರೋಪದ ಮೇಲೆ ಪಿಳ್ಳೈ ಅವರಿಗೆ ಎರಡು ಜೀವಾವಧಿ ಶಿಕ್ಷೆ ವಿಧಿಸಿದರು. ಮೇಲ್ಮನವಿಯಲ್ಲಿ ಶಿಕ್ಷೆ ತಗ್ಗಿತಾದರೂ, ಕೊಯಮತ್ತೂರು ಜೈಲಿನಲ್ಲಿ ಎತ್ತು ಎಳೆಯಬೇಕಾದ ಗಾಣವನ್ನು ಆ ವಕೀಲರ ಹೆಗಲಿಗೆ ಕಟ್ಟಿ ಎಳೆಸಿದರು. ಟಿಕೆಟ್ ದರದಲ್ಲಿ ಲೆಕ್ಕ ತಪ್ಪಿದವನಿಗೆ ಯಾವ ಸರ್ಕಾರವೂ ಇಂಥ ಶಿಕ್ಷೆ ಕೊಡುವುದಿಲ್ಲ.

ತಮ್ಮ ಆಕ್ಷೇಪದಲ್ಲಿ ಒಂದಂಶವನ್ನು ಒಪ್ಪುತ್ತೇನೆ. ಎದುರಾಳಿಯ ಮುಂದೆ ಈ ಬಂಡವಾಳ ಸಣ್ಣದಾಗಿತ್ತು, ಕಂಪನಿ ಒಬ್ಬ ಮನುಷ್ಯನ ಓಡಾಟವನ್ನೇ ಅತಿಯಾಗಿ ನೆಚ್ಚಿಕೊಂಡಿತ್ತು. ಆದ್ದರಿಂದಲೇ ಅವರನ್ನು ಸೆರೆಗೆ ತಳ್ಳಿದ ಮೇಲೆ ಅದನ್ನು ಮುಗಿಸುವುದು ಸುಲಭವಾಯಿತು: 1911ರಲ್ಲಿ ಕಂಪನಿ ಮುಚ್ಚಿ ಹಡಗುಗಳು ಎದುರಾಳಿಗಳ ಪಾಲಾದವು, ಪಿಳ್ಳೈ ಅವರು ಬಿಡುಗಡೆಯಾದದ್ದು 1912ರ ಡಿಸೆಂಬರಿನಲ್ಲಿ.

– ಸಂಪಾದಕ